ಅಜ್ಜಿಯ ಬದುಕನ್ನು ಬರೆದಿಟ್ಟ ಬಗೆ

ನಮ್ಮ ಅಜ್ಜಿ ತೀರಿಕೊಂಡ ಬಳಿಕ ಅವರ ಬದುಕನ್ನು ಬರೆದಿಡಬೇಕೆಂದು ಮನೆಯವರೆಲ್ಲರೂ ನಿಶ್ಚಯಿಸಿದಾಗ, ಆ ಹೊಣೆಯನ್ನು ನಾನೇ ಕೇಳಿ ಪಡೆದುಕೊಂಡೆ. ಅವರ ಬಗ್ಗೆ ಮಾತನಾಡಲು ಎಲ್ಲರೂ ಸಿದ್ಧರಿದ್ದರು. ಆದರೆ ಮಾತು ಆರಂಭವಾದೊಡನೆ ಬಹುಮಟ್ಟಿಗೆ ಒಂದೇ ಬಗೆಯ ಹೊಗಳಿಕೆ ಬರುತ್ತಿತ್ತು: ಅವರು ತಾಳ್ಮೆಯ ಮೂರ್ತಿ, ಎಲ್ಲರನ್ನೂ ಒಂದುಗೂಡಿಸಿ ಇಟ್ಟವರು, ತನಗೆಂದು ಏನನ್ನೂ ಬಯಸದವರು. ಇದರಲ್ಲಿ ಸುಳ್ಳಿಲ್ಲ. ಆದರೆ ಇವೇ ಮಾತುಗಳನ್ನು ಯಾವ ಮನೆಯ ಹಿರಿಯರ ಬಗ್ಗೆ ಬೇಕಾದರೂ ಹೇಳಬಹುದು, ಮತ್ತು ಹಾಗೆ ಹೇಳಿದಷ್ಟೂ ನಮ್ಮ ಅಜ್ಜಿ ಎಂಬ ಒಬ್ಬ ವ್ಯಕ್ತಿ ಮರೆಯಾಗುತ್ತಾ ಹೋಗುತ್ತಾರೆ. ಆದ್ದರಿಂದ ಅವರ ಗುಣಗಳನ್ನು ಕೇಳುವುದಕ್ಕಿಂತ ಅವರು ಮಾಡಿದ್ದನ್ನು ಕೇಳಬೇಕೆಂದು ನಿರ್ಧರಿಸಿದೆ.

ಪ್ರಶ್ನೆಗಳನ್ನು ಆ ದೃಷ್ಟಿಯಿಂದಲೇ ರೂಪಿಸಿಕೊಂಡೆ. ಅಜ್ಜಿ ಖಡಾಖಂಡಿತವಾಗಿ ಬೇಡವೆಂದದ್ದು ಯಾವುದಕ್ಕೆ? ಹಣದ ವಿಷಯದಲ್ಲಿ ಕೊನೆಯ ಮಾತು ಯಾರದಾಗಿರುತ್ತಿತ್ತು? ಅವರಿಗೆ ಸಿಟ್ಟು ಬಂದದ್ದು ಮನೆಯವರಿಗೆ ಹೇಗೆ ತಿಳಿಯುತ್ತಿತ್ತು? ಯಾವ ಕೆಲಸವನ್ನು ಅವರು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ? ತಾಳ್ಮೆಯ ಮೂರ್ತಿ ಎಂದು ಮಾತು ಮುಗಿಸಿದ್ದ ದೊಡ್ಡಮ್ಮ ಮೊದಲನೆಯ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಓದನ್ನು ನಿಲ್ಲಿಸಬೇಕೆಂದು ಗಂಡಸರೆಲ್ಲ ತೀರ್ಮಾನಿಸಿದ್ದ ದಿನವನ್ನು ವಿವರಿಸಿದರು. "ಅಮ್ಮ ಆ ರಾತ್ರಿ ಒಂದು ಮಾತನ್ನೂ ಎದುರಾಡಲಿಲ್ಲ. ಬೆಳಗಾದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ಶುಲ್ಕ ಕಟ್ಟಿ ಬಂದಳು, ಬಂದವಳು ಆ ವಿಷಯವನ್ನೇ ಎತ್ತಲಿಲ್ಲ" ಎಂದರು. ಆ ತಾಳ್ಮೆ ಎಂಥದ್ದೆಂದು ನನಗೆ ಅರ್ಥವಾದದ್ದು ಆಗ.

ಕೇಳಿದ್ದನ್ನೆಲ್ಲ ಧ್ವನಿಯಲ್ಲೇ ದಾಖಲಿಸಿಕೊಂಡೆ. ಜನರ ನೆನಪುಗಳನ್ನು ಸಂದರ್ಶನದ ಮೂಲಕ ವ್ಯವಸ್ಥಿತವಾಗಿ ಸಂಗ್ರಹಿಸುವ ಕೆಲಸವನ್ನು ಇತಿಹಾಸಕಾರ ಅಲನ್ ನೆವಿನ್ಸ್ 1948ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದರು. ಮೌಖಿಕ ಇತಿಹಾಸವೆಂದು ಕರೆಯುವ ಈ ಕೆಲಸದಲ್ಲಿ ತೊಡಗಿರುವವರು ಪಾಲಿಸುವ ಕೆಲವು ಕ್ರಮಗಳು ಮನೆಯ ಮಟ್ಟದಲ್ಲಿಯೂ ಬಹಳ ಉಪಯುಕ್ತವೆಂದು ನನ್ನ ಅನುಭವ. ದಾಖಲಿಸುವ ಮೊದಲು ಒಪ್ಪಿಗೆ ಪಡೆಯಬೇಕು. ಒಬ್ಬರನ್ನು ಒಮ್ಮೆ ಪ್ರತ್ಯೇಕವಾಗಿಯೇ ಮಾತನಾಡಿಸಬೇಕು, ಏಕೆಂದರೆ ನಾಲ್ಕು ಜನ ಕೂಡಿದಾಗ ಗಟ್ಟಿಯಾಗಿ ಮಾತನಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಉತ್ತರದ ನಡುವೆ ಮೌನ ಬಂದರೆ ಅದನ್ನು ತುಂಬಲು ಹೋಗಬಾರದು. ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಮಾತುಗಳು ಅಂಥ ಮೌನದ ನಂತರವೇ ಬಂದವು. ಧ್ವನಿಯನ್ನು ಸಂಕೋಚನವಿಲ್ಲದ ವೇವ್ ರೂಪದಲ್ಲಿ ಉಳಿಸಿಕೊಂಡೆ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಗಂಟೆಯ ಸ್ಟೀರಿಯೊ ಮಾತಿಗೆ ಸುಮಾರು 1 ಗಿಗಾಬೈಟ್ ಜಾಗ ಬೇಕಾಗುತ್ತದೆ. ಇಂದಿನ ಸಾಧನಗಳಲ್ಲಿ ಅದು ದೊಡ್ಡ ಹೊರೆಯಲ್ಲ.

ಸಂದರ್ಶನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಕುಳಿತಾಗ ಒಂದು ಅಸಮತೋಲನ ಎದ್ದು ಕಂಡಿತು. ಅಜ್ಜಿಯ ನಡುವಯಸ್ಸಿನ ವರ್ಷಗಳು ತುಂಬಿ ತುಳುಕುತ್ತಿದ್ದವು, ಬಾಲ್ಯ ಮತ್ತು ಕೊನೆಯ ವರ್ಷಗಳು ಬಹುಪಾಲು ಬರಿದಾಗಿದ್ದವು. ಮನುಷ್ಯರು ದೊಡ್ಡವರಾದ ಮೇಲೆ ತಮ್ಮ ಸುಮಾರು 10ರಿಂದ 30 ವರ್ಷ ವಯಸ್ಸಿನ ನಡುವಿನ ಘಟನೆಗಳನ್ನು ಉಳಿದವುಗಳಿಗಿಂತ ಹೆಚ್ಚಾಗಿ ನೆನಪಿಸಿಕೊಳ್ಳುತ್ತಾರೆಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಅಜ್ಜಿಯ ಮಕ್ಕಳು ಹೇಳುತ್ತಿದ್ದದ್ದು ತಮ್ಮ ಯೌವನದ ಕಾಲದ ಅಮ್ಮನನ್ನು. ಹಾಗಾಗಿ ಬಾಲ್ಯಕ್ಕಾಗಿ ಅಜ್ಜಿಯ ತಂಗಿಯ ಬಳಿಗೂ, ಕೊನೆಯ ವರ್ಷಗಳಿಗಾಗಿ ಕಿರಿಯ ಮೊಮ್ಮಕ್ಕಳ ಬಳಿಗೂ ಹೋದೆ. ಹಾಸಿಗೆ ಹಿಡಿದಿದ್ದಾಗ ಅವರನ್ನು ನೋಡಿಕೊಂಡ ಸಹಾಯಕಿಯನ್ನು ಕೇಳುವುದು ಅಗತ್ಯವೇ ಎಂದು ಒಬ್ಬರು ಸಂಶಯಪಟ್ಟರು. ಅತ್ಯಗತ್ಯವೆಂದೇ ನನ್ನ ಅಭಿಪ್ರಾಯ: ಮನೆಯವರೆದುರು ಎಂದೂ ನೋವನ್ನು ಹೇಳಿಕೊಳ್ಳದಿದ್ದ ಅಜ್ಜಿ, ರಾತ್ರಿ ನಿದ್ದೆ ಬಾರದಾಗ ಆಕೆಯೊಂದಿಗೆ ತಮ್ಮ ತಾಯಿಯ ಬಗ್ಗೆ ಮಾತನಾಡುತ್ತಿದ್ದರೆಂಬುದು ನಮಗ್ಯಾರಿಗೂ ತಿಳಿದಿರಲಿಲ್ಲ.

ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದ ಸಂದರ್ಭಗಳೂ ಇದ್ದವು. ಮನೆ ಬದಲಿಸುವ ನಿರ್ಧಾರ ತಾತನದೆಂದು ಸೋದರಮಾವ ಹೇಳಿದರೆ, ಅಜ್ಜಿಯದೇ ಎಂದು ಚಿಕ್ಕಮ್ಮ ಅಷ್ಟೇ ದೃಢವಾಗಿ ಹೇಳಿದರು. ನೆನಪೆಂಬುದು ಇದ್ದದ್ದನ್ನು ಇದ್ದಂತೆಯೇ ಹೊರತೆಗೆಯುವ ಕ್ರಿಯೆಯಲ್ಲ, ಪ್ರತಿ ಬಾರಿಯೂ ಹೊಸದಾಗಿ ಕಟ್ಟುವ ಕ್ರಿಯೆ ಎಂದು ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿಯೇ ಪ್ರತಿಪಾದಿಸಿದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡೂ ಹೇಳಿಕೆಗಳನ್ನು ಹೇಳಿದವರ ಹೆಸರಿನೊಂದಿಗೆ ಹಾಗೆಯೇ ಬರೆದೆ. ನಾನು ನ್ಯಾಯತೀರ್ಮಾನ ಮಾಡಲಿಲ್ಲ. ಆ ನಿರ್ಧಾರ ಯಾರದೆಂದು ಮಕ್ಕಳಿಗೂ ತಿಳಿಯದಂತೆ ಅಜ್ಜಿ ನಡೆದುಕೊಂಡಿದ್ದರೆಂಬುದೇ ಅವರ ಸ್ವಭಾವದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚಿನದನ್ನು ಕೊಟ್ಟದ್ದು ಅವರ ಲೆಕ್ಕದ ಪುಸ್ತಕಗಳು. ದಿನಚರಿ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಖರ್ಚನ್ನು ಮಾತ್ರ ತಪ್ಪದೆ ಬರೆಯುತ್ತಿದ್ದರು. ಮಗುವಿನ ಔಷಧಿ ಎಂಬ ಬರಹ ಸತತವಾಗಿ ಕೆಲವು ಪುಟಗಳಲ್ಲಿ ಬಂದು ಒಮ್ಮೆಲೇ ನಿಂತುಹೋದದ್ದನ್ನು ನೋಡಿದಾಗ, ಯಾರೂ ಬಾಯಿಬಿಟ್ಟು ಹೇಳದಿದ್ದ ಒಂದು ಸಾವಿನ ಕಾಲ ನನಗೆ ತಿಳಿಯಿತು. ನಂತರದ ಕೆಲವು ಪುಟಗಳ ಅಕ್ಷರ ತಾತನದು. ಅಜ್ಜಿಯ ಅಕ್ಷರ ಮತ್ತೆ ಕಾಣಿಸಿಕೊಂಡಾಗ ಮೊದಲ ಸಾಲು ಹಿರಿಯ ಮಗಳ ಪುಸ್ತಕಗಳ ಖರ್ಚು. ತಮ್ಮಿಂದ ಸಾಲ ಪಡೆದವರ ಹೆಸರಿನ ಬದಲು ಸಂಬಂಧವನ್ನಷ್ಟೇ ಬರೆದು, ಹಣ ಮರಳಿ ಬಂದ ಮೇಲೆ ಆ ಸಾಲನ್ನು ಓದಲಾಗದಂತೆ ಹೊಡೆದುಹಾಕುತ್ತಿದ್ದರು. ಪಡೆದವರ ಮರ್ಯಾದೆಯನ್ನು ಕಾಯುವುದಕ್ಕಾಗಿ ಹೀಗೆ ಮಾಡುತ್ತಿದ್ದಿರಬೇಕೆಂದು ನಾನು ಭಾವಿಸುತ್ತೇನೆ. ಇಂಥ ಪುಸ್ತಕಗಳನ್ನು ಹಳೆಯ ಕಾಗದವೆಂದು ಎಸೆಯುವ ಮನೆಗಳಿಗೆ ನನ್ನ ವಿನಂತಿಯೆಂದರೆ, ಹಿರಿಯರ ಕೈಬರಹವಿರುವ ಯಾವುದನ್ನೂ ಓದದೆ ಬಿಸಾಡಬೇಡಿ.

ಛಾಯಾಚಿತ್ರಗಳ ಕೆಲಸ ಯಾಂತ್ರಿಕವಾದರೂ ತುರ್ತಿನದು, ಏಕೆಂದರೆ ಚಿತ್ರದಲ್ಲಿರುವವರನ್ನು ಗುರುತಿಸಬಲ್ಲವರು ಕಡಿಮೆಯಾಗುತ್ತಿರುತ್ತಾರೆ. ಪ್ರತಿಯೊಂದನ್ನೂ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ, ಸ್ಕ್ಯಾನ್ ಮಾಡಿ ಟಿಫ್ ಎಂಬ ಕಡತದ ರೂಪದಲ್ಲಿ ಇಟ್ಟುಕೊಂಡೆ; ಸಾಮಾನ್ಯವಾಗಿ ಬಳಸುವ ಜೆಪೆಗ್ ರೂಪದ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದರೆ ವಿವರಗಳು ನಷ್ಟವಾಗುತ್ತವೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿದೆ. ಹೆಸರುಗಳನ್ನು ಮೂಲಪ್ರತಿಯ ಹಿಂದೆ ಮೆದು ಪೆನ್ಸಿಲ್‌ನಿಂದ, ಅಂಚಿನಲ್ಲಿ ಮಾತ್ರ ಹಗುರವಾಗಿ ಬರೆದೆ, ಏಕೆಂದರೆ ಬಾಲ್‌ಪೆನ್ನಿನ ಒತ್ತಡ ಚಿತ್ರದ ಮುಂಬದಿಯಲ್ಲಿ ಮೂಡುತ್ತದೆ. ಅಂಟಿನ ಪುಟದ ಆಲ್ಬಮ್‌ಗಳಿಂದ ಬಿಡಿಸಲಾಗದ ಚಿತ್ರಗಳನ್ನು ಕೀಳದೆ ಪುಟಸಮೇತ ಸ್ಕ್ಯಾನ್ ಮಾಡಿದೆ.

ಎಲ್ಲವನ್ನೂ ಬರೆಯಬೇಕೇ ಎಂಬ ಪ್ರಶ್ನೆ ಕೊನೆಯವರೆಗೂ ನನ್ನನ್ನು ಕಾಡಿತು. ಅಜ್ಜಿ ತಮ್ಮ ಒಬ್ಬ ಸೊಸೆಯೊಂದಿಗೆ ಬಹುಕಾಲ ಮಾತು ಬಿಟ್ಟಿದ್ದರು. ಆ ಸೊಸೆ ಈಗಲೂ ಇದ್ದಾರೆ. ಬರೆದದ್ದನ್ನು ಅವರಿಗೆ ಮೊದಲು ಓದಿ ತೋರಿಸಿದೆ. ಅವರು ಒಂದು ವಾಕ್ಯವನ್ನು ತೆಗೆಸಿ, ತಾವೇ ಒಂದನ್ನು ಸೇರಿಸಿದರು: "ಕೊನೆಗೆ ಮೊದಲು ಮಾತನಾಡಿದವರು ಅತ್ತೆಯೇ." ಬದುಕಿರುವವರಿಗೆ ನೋವಾಗುವ ಸಂಗತಿಯಿದ್ದಲ್ಲಿ ಅವರ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದೆಂದು ನಾನು ದೃಢವಾಗಿ ನಂಬಿದ್ದೇನೆ, ಆದರೆ ಜಗಳಗಳನ್ನೆಲ್ಲ ಅಳಿಸಿದರೆ ಅವುಗಳನ್ನು ಮೀರಿದ ಅಜ್ಜಿಯೂ ಅಳಿಸಿಹೋಗುತ್ತಾರೆ.

ಕಡತಗಳನ್ನು ಸಂಗ್ರಹಿಸಿಡುವಲ್ಲಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಪಾಲಿಸಿದ್ದೇನೆ. ಬರಹವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚಿಸಿ, ಮುದ್ರಿಸಿ, ಪ್ರತಿ ಮನೆಗೂ ಒಂದೊಂದು ಪ್ರತಿ ಕೊಟ್ಟೆ. ಈಗ ತಿದ್ದುಪಡಿಗಳು ಬರುತ್ತಿವೆ. ಅವುಗಳಲ್ಲಿ ಕೆಲವು ನನ್ನ ಬರಹವನ್ನು ನೇರವಾಗಿ ಅಲ್ಲಗಳೆಯುತ್ತವೆ. ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಒಂದೊಂದನ್ನೂ ಸೇರಿಸುತ್ತಿದ್ದೇನೆ.