ಸೆಕೆಂಡ್ ಹ್ಯಾಂಡ್ ಡೀಸೆಲ್, ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳ ಬೆಲೆಯನ್ನು ಅಳೆಯುವ ಬಗೆ

ಹಳೆಯ ಕಾರಿನ ಬೆಲೆಯಲ್ಲಿ ಆ ಕಾರಿನ ಸ್ಥಿತಿಗಿಂತ ಕೊಳ್ಳುವವರ ಭಯದ ಪಾಲೇ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡೀಸೆಲ್ ಎಂದರೆ ನಿಷೇಧದ ಭಯ, ಎಲೆಕ್ಟ್ರಿಕ್ ಎಂದರೆ ಬ್ಯಾಟರಿಯ ಭಯ, ಸಿಎನ್‌ಜಿ ಎಂದರೆ ಬಂಕಿನ ಮುಂದಿನ ಸಾಲಿನ ಭಯ. ಮಾದರಿ, ಬಣ್ಣಗಳನ್ನು ನೋಡುವ ಮೊದಲು ಇವುಗಳಲ್ಲಿ ಯಾವುದು ನಿಮ್ಮ ಓಡಾಟಕ್ಕೆ ನಿಜವಾಗಿ ಅನ್ವಯಿಸುತ್ತದೆ ಎಂದು ತೀರ್ಮಾನಿಸಿಕೊಳ್ಳಿ. ನಿಮಗೆ ಅನ್ವಯಿಸದ ಭಯ ಬೆಲೆಯನ್ನು ಎಲ್ಲಿ ಇಳಿಸಿದೆಯೋ ಅಲ್ಲಿ ನಿಮಗೆ ಲಾಭವಿದೆ.

ಚೌಕಾಸಿಗೆ ಕೂರುವಾಗ ಮಾರುವವರು ಹಳೆಯ ಇನ್‌ವಾಯ್ಸ್ ತೋರಿಸಿ ಲೆಕ್ಕ ಹೇಳುತ್ತಾರೆ. ಅದನ್ನು ಬದಿಗಿಟ್ಟು ಅದೇ ದರ್ಜೆಯ ಹೊಸ ಕಾರಿನ ಇಂದಿನ ಆನ್-ರೋಡ್ ಬೆಲೆಯನ್ನು ಮುಂದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಸೆಸ್ ಕೂಡ ಹೋಗಿರುವುದರಿಂದ, ಅದಕ್ಕೂ ಮೊದಲು ಕೊಂಡ ಕಾರಿನ ಮೂಲ ಬೆಲೆಯಿಂದ ಸವಕಳಿ ಕಳೆಯುವ ಲೆಕ್ಕ ಈಗ ಅರ್ಥ ಕಳೆದುಕೊಂಡಿದೆ.

ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಬೆಲೆ ಕಂಡು ಮರುಳಾಗುವ ಮುನ್ನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮರುನೋಂದಣಿ ಮತ್ತು ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕೂಡಿಸಿ ನೋಡಿ. ಬಹುಪಾಲು ಅಗ್ಗತನ ಅಲ್ಲೇ ಕರಗಿಹೋಗುತ್ತದೆ. ಇಲ್ಲಿಯದೇ ನೋಂದಣಿಯ, ಹೆದ್ದಾರಿಯಲ್ಲಿ ಓಡಿದ ಡೀಸೆಲ್ ಕಾರು, ವಾರವಾರ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಬರುವವರಿಗೆ ಇಂದಿಗೂ ಒಳ್ಳೆಯ ಆಯ್ಕೆ. ಆದರೆ 2020ರ ಏಪ್ರಿಲ್ ನಂತರದ, ಬಿಎಸ್-6 ಮಾಲಿನ್ಯ ಮಾನದಂಡದ ಡೀಸೆಲ್ ಕಾರು ನಗರದ ಸಣ್ಣಪುಟ್ಟ ಓಡಾಟದಲ್ಲೇ ಕಾಲ ಕಳೆದಿದ್ದರೆ ಹೊಗೆಯನ್ನು ಸೋಸುವ ಅದರ ಫಿಲ್ಟರ್‌ನಲ್ಲಿ (ಡಿಪಿಎಫ್) ಮಸಿ ಕಟ್ಟಿರುವ ಸಾಧ್ಯತೆ ಹೆಚ್ಚು. ಸರ್ವಿಸ್ ದಾಖಲೆಯಲ್ಲಿ ಆ ದೂರು ಮತ್ತೆ ಮತ್ತೆ ಕಂಡರೆ ಆ ಕಾರನ್ನು ಬಿಟ್ಟುಬಿಡಿ.

ನನ್ನ ದೃಷ್ಟಿಯಲ್ಲಿ ಇಂದು ತನ್ನ ಯೋಗ್ಯತೆಗಿಂತ ಅತ್ಯಂತ ಕಡಿಮೆ ಬೆಲೆಗೆ ಮಾರಾಟವಾಗುತ್ತಿರುವುದು ಮೂರು ನಾಲ್ಕು ವರ್ಷದ ಎಲೆಕ್ಟ್ರಿಕ್ ಕಾರು. 2024ರ ಫೆಬ್ರವರಿಯಲ್ಲಿ ಟಾಟಾ ಸಂಸ್ಥೆ ನೆಕ್ಸಾನ್ ಇವಿಯ ಹೊಸ ಬೆಲೆಯನ್ನೇ 1.2 ಲಕ್ಷ ರೂಪಾಯಿಯವರೆಗೆ ಇಳಿಸಿತು. ಹೊಸದು ಇಳಿದಾಗ ಹಳೆಯದೂ ಇಳಿಯಲೇಬೇಕು. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್‌ನದು. ಪ್ರಮಾಣಪತ್ರದಲ್ಲಿ ಒಂದು ಪೂರ್ತಿ ಚಾರ್ಜಿಗೆ 312 ಕಿಲೋಮೀಟರ್ ಎಂದಿದ್ದರೂ ನಿತ್ಯದ ಬಳಕೆಯಲ್ಲಿ 200ರ ಆಸುಪಾಸು ಎಂದೇ ಲೆಕ್ಕ ಹಾಕಿ.

ಅದರ ಬ್ಯಾಟರಿಯನ್ನು ನೀವೇ ಪರೀಕ್ಷಿಸಬಹುದು. ಚಾರ್ಜ್ ಶೇ. 20ಕ್ಕೆ ಇಳಿದಾಗ ಕಾರನ್ನು ಡಿಸಿ ಫಾಸ್ಟ್ ಚಾರ್ಜರ್‌ಗೆ ಹಾಕಿ, ಶೇ. 80ಕ್ಕೆ ಏರುವ ಹೊತ್ತಿಗೆ ಎಷ್ಟು ಯೂನಿಟ್ ಹೋಯಿತು ಎಂದು ಚಾರ್ಜರ್‌ನ ಪರದೆಯಲ್ಲಿ ನೋಡಿ. 30.2ರಲ್ಲಿ ಶೇ. 60 ಎಂದರೆ ಸುಮಾರು 18 ಯೂನಿಟ್. ಅದರ ಸಮೀಪದಲ್ಲಿದ್ದರೆ ಬ್ಯಾಟರಿ ಗಟ್ಟಿಯಾಗಿದೆ. 15 ಯೂನಿಟ್‌ಗೇ ಶೇ. 80 ತೋರಿಸಿದರೆ ಆರನೇ ಒಂದು ಭಾಗದಷ್ಟು ಸಾಮರ್ಥ್ಯ ಹೋಗಿದೆ ಎಂದು ತಿಳಿದು, ಅಧಿಕೃತ ಸರ್ವಿಸ್ ಕೇಂದ್ರದಿಂದ ಬ್ಯಾಟರಿ ವರದಿ ತರಿಸದೆ ಮುಂದುವರಿಯಬೇಡಿ. 8 ವರ್ಷ ಅಥವಾ 1,60,000 ಕಿಲೋಮೀಟರ್‌ನ ವಾರಂಟಿಯಲ್ಲಿ ಎಷ್ಟು ಉಳಿದಿದೆ, ಅದು ಎರಡನೇ ಮಾಲೀಕರಿಗೂ ಸಲ್ಲುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ಕೆಲವು ಕಂಪನಿಗಳ ಜೀವಿತಾವಧಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಇಷ್ಟೆಲ್ಲ ಸರಿಯಿದ್ದರೂ ಮನೆಯಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲೋ ನಿಮ್ಮದೇ ಚಾರ್ಜಿಂಗ್ ಪಾಯಿಂಟ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಕಾರು ಬೇಡ ಎಂದೇ ಹೇಳುತ್ತೇನೆ.

ಹೈಬ್ರಿಡ್ ಕೊಳ್ಳುವಾಗ ಹೆಸರನ್ನು ನಂಬಬೇಡಿ. ಮಾರುತಿಯ ‘ಸ್ಮಾರ್ಟ್ ಹೈಬ್ರಿಡ್’ ಕಾರುಗಳಲ್ಲಿ ಮೋಟಾರು ಎಂಜಿನ್ನಿಗೆ ನೆರವಾಗುತ್ತದೆಯೇ ಹೊರತು ಒಂಟಿಯಾಗಿ ಕಾರನ್ನು ಎಳೆಯುವುದಿಲ್ಲ. ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಗ್ರ್ಯಾಂಡ್ ವಿಟಾರಾ ಈ ಬಗೆಯಲ್ಲೂ, ಮೋಟಾರು ಒಂಟಿಯಾಗಿಯೂ ಕಾರನ್ನು ಎಳೆಯಬಲ್ಲ ‘ಸ್ಟ್ರಾಂಗ್ ಹೈಬ್ರಿಡ್’ ಬಗೆಯಲ್ಲೂ ಬರುವುದರಿಂದ ವೇರಿಯಂಟ್ ಯಾವುದೆಂದು ಖಚಿತಪಡಿಸಿಕೊಳ್ಳಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾದ ಹೈರೈಡರ್, ಹೈಕ್ರಾಸ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು ಬೆಂಗಳೂರಿನ ಟ್ರಾಫಿಕ್‌ಗೆ ಹೇಳಿ ಮಾಡಿಸಿದಂತಿವೆ. ಆದರೆ ಮಾರುವವರಿಗೂ ಅದು ಗೊತ್ತು. ಹೊಸದಕ್ಕೂ ಹಳೆಯದಕ್ಕೂ ಅಂತರ ಕಡಿಮೆಯಿದ್ದರೆ ಹೊಸದನ್ನೇ ಕೊಳ್ಳಿ.

ಸಿಎನ್‌ಜಿ ಕಾರಾದರೆ ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು, ಮೂರು ವರ್ಷಕ್ಕೊಮ್ಮೆ ನಡೆಯಬೇಕಾದ ಸಿಲಿಂಡರ್ ಪರೀಕ್ಷೆ ಚಾಲ್ತಿಯಲ್ಲಿರಬೇಕು.

ಯಾವುದೇ ಕಾರಾದರೂ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ; ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿಯೊಂದಿಗೆ ಫಾರಂ 35 ಕೂಡ ಬೇಕು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಳೆಯ ಮಾಲೀಕರದಾದ್ದರಿಂದ ಪ್ರೀಮಿಯಂನಲ್ಲಿ ಆಗುವ ಹೆಚ್ಚಳವನ್ನು ಚೌಕಾಸಿಯಲ್ಲೇ ಸೇರಿಸಿ. ಆರ್‌ಸಿ ವರ್ಗಾವಣೆಯಾಗುವವರೆಗೆ ಹಣದ ಒಂದು ಭಾಗವನ್ನು ಉಳಿಸಿಕೊಳ್ಳುವ ಮಾತನ್ನು ಕರಾರಿನಲ್ಲಿ ಬರೆಸಿ, ಪರಿವಾಹನ್ ಪೋರ್ಟಲ್‌ನಲ್ಲಿ ವರ್ಗಾವಣೆ ಆಗಿರುವುದು ಕಂಡ ಮೇಲೆ ಬಾಕಿ ಕೊಡಿ.