ಧ್ವನಿ ಒಡೆಯುವ ವಯಸ್ಸಿನ ಹುಡುಗನಿಗೆ ಸಂಗೀತ ಪಾಠ

ಹದಿಮೂರು, ಹದಿನಾಲ್ಕರ ಹುಡುಗ ‘ಇನ್ನು ಸಂಗೀತ ಬೇಡ’ ಎಂದರೆ ಮನೆಯವರು ಮೊಬೈಲನ್ನು ಬೈಯುತ್ತಾರೆ. ಪಾಠ ಹೇಳುವ ನಾನು ಮೊದಲು ನೋಡುವುದು ಅವನ ಶ್ರುತಿಯನ್ನು, ಅಂದರೆ ಹಾಡಲು ಆಧಾರವಾಗಿ ಹಿಡಿಯುವ ‘ಸ’ದ ಎತ್ತರವನ್ನು. ಕರ್ನಾಟಕ ಸಂಗೀತದ ಹಾಡುಗಾರಿಕೆಯಲ್ಲಿ ಈ ವಯಸ್ಸಿನ ಗಂಡುಮಕ್ಕಳ ಬೇಸರದ ಹಿಂದೆ ಎಷ್ಟೋ ಸಲ ಇರುವುದು ಧ್ವನಿ ಒಡೆಯುವ ಸಂಕಟ. ಕಳೆದ ತಿಂಗಳು ಸಲೀಸಾಗಿ ಸಿಗುತ್ತಿದ್ದ ತಾರಷಡ್ಜ (ಮೇಲಿನ ಸ್ಥಾಯಿಯ ‘ಸ’) ಈಗ ಕೀರಲಾಗುತ್ತದೆ, ಪಕ್ಕದವರು ನಗುತ್ತಾರೆ, ಮುಂದಿನ ವಾರ ಅವನಿಗೆ ಪಾಠದ ಹೊತ್ತಿಗೇ ತಲೆನೋವು.

ಗಂಟಲಿನ ಸ್ವರತಂತುಗಳು ಉದ್ದವಾಗಿ ದಪ್ಪವಾಗುವುದರಿಂದ ಹೀಗಾಗುತ್ತದೆ. 5 ಅಥವಾ 5½ ಮನೆಯಲ್ಲಿ (ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಹೇಳುವ ಶ್ರುತಿ) ಹಾಡುತ್ತಿದ್ದವನು ಕೊನೆಗೆ ಬಂದು ನಿಲ್ಲುವುದು ಸಾಮಾನ್ಯವಾಗಿ 1ರಿಂದ 2 ಮನೆಯ ನಡುವೆ. ನಡುವಿನ ತಿಂಗಳುಗಳಲ್ಲಿ ಹಳೆಯ ಶ್ರುತಿಯನ್ನೇ ಹಿಡಿದು ಕೂರುವುದು ದೊಡ್ಡ ತಪ್ಪು. ಒಮ್ಮೆ ಇಳಿಸಿ ಮರೆತುಬಿಡುವುದು ಎರಡನೆಯದು.

ಶ್ರುತಿ ಹುಡುಕುವುದು ಹೀಗೆ: ಮಾತಾಡುವ ದನಿಯಿಂದಲೇ ಶುರುಮಾಡಿ, ‘ಅ’ಕಾರದಲ್ಲಿ ಕೆಳಗಿಳಿಯಲು ಹೇಳುತ್ತೇನೆ. ಒತ್ತಡವಿಲ್ಲದೆ ನಿಲ್ಲುವ ಅತಿ ಕೆಳಗಿನ ಸ್ವರವನ್ನು ಮಂದ್ರ ಪಂಚಮ (ಕೆಳಗಿನ ಸ್ಥಾಯಿಯ ‘ಪ’) ಎಂದುಕೊಂಡು, ಅದಕ್ಕೆ ತಕ್ಕ ಷಡ್ಜಕ್ಕೆ ತಂಬೂರಿ ಆ್ಯಪ್ ಕೂರಿಸುತ್ತೇನೆ. ಆಮೇಲೆ ತಾರಸ್ಥಾಯಿಯ ಗಾಂಧಾರ ಮುಟ್ಟುತ್ತದೆಯೇ ಎಂದು ನೋಡುವುದು. ಮುಟ್ಟದಿದ್ದರೆ ಬಲವಂತವಿಲ್ಲ, ಮಧ್ಯಸ್ಥಾಯಿಯಲ್ಲೇ ಮುಗಿಯುವ ಗೀತೆ, ದೇವರನಾಮ ಸಾಕು. ಮೂರು ವಾರಕ್ಕೊಮ್ಮೆ ಮತ್ತೆ ಪರೀಕ್ಷೆ, ಬೇಕಾದರೆ ಅರ್ಧ ಮನೆ ಇಳಿಕೆ.

ಗುಂಪು ಪಾಠದಲ್ಲಿ ಇದು ಕಷ್ಟ. ಹುಡುಗಿಯರ 5½ ಮನೆಗೆ ಇವನ ಷಡ್ಜ ಸೇರುವುದಿಲ್ಲ, ಒಂದು ಸ್ಥಾಯಿ ಕೆಳಗೆ ಹಾಡಿದರೆ ಮಂದ್ರ ಸಿಗುವುದಿಲ್ಲ. ಆ ಹೊತ್ತು ಅವನಿಂದ ತಾಳ ಹಾಕಿಸಿ, ಕೊನೆಗೆ 20 ನಿಮಿಷ ಅವನೊಬ್ಬನಿಗೇ ಇಡುತ್ತೇನೆ. ಅವನ ಶ್ರುತಿಯಲ್ಲಿ ನಾನು ಹಾಡಲಾರೆನಾದ್ದರಿಂದ ಕೀಬೋರ್ಡಿನಲ್ಲಿ ಸ್ವರಸ್ಥಾನ ತೋರಿಸುತ್ತೇನೆ. ಸ್ವರವನ್ನು ಅಲುಗಿಸಿ ಹಾಡುವ ಗಮಕ ಮಾತ್ರ ಕೀಬೋರ್ಡಿಗೆ ಬಗ್ಗದು. ಅದಕ್ಕೆ ಗಂಡುದನಿಯ ಧ್ವನಿಮುದ್ರಣ ಕೇಳಿಸಲೇಬೇಕು.

ಆ 20 ನಿಮಿಷದಲ್ಲಿ ಐದು ನಿಮಿಷ ಮಂದ್ರದ ದೀರ್ಘ ಸ್ವರಗಳು, ಐದು ನಿಮಿಷ ತಾಳಕ್ಕೆ ಕಟ್ಟಿದ ಸ್ವರಾಭ್ಯಾಸವಾದ ಅಲಂಕಾರ. ಅದೂ ಮಾಯಾಮಾಳವಗೌಳದಲ್ಲಲ್ಲ, ಮೊದಲ ಪಾಠಗಳೆಲ್ಲ ಅದರಲ್ಲೇ ಆಗಿರುವುದರಿಂದ ಆ ರಾಗದ ಹೆಸರು ಕೇಳಿದರೇ ಮುಖ ಸೊಟ್ಟಗಾಗಿರುತ್ತದೆ, ಕಲ್ಯಾಣಿಯಲ್ಲೋ ಶಂಕರಾಭರಣದಲ್ಲೋ. ಉಳಿದ ಹತ್ತು ನಿಮಿಷ ಅವನದು. ಇಷ್ಟದ ಸಿನಿಮಾ ಹಾಡಿನ ಎರಡು ಸಾಲಿಗೆ ತಾನೇ ಸ್ವರ ಹುಡುಕಿ ಬರೆಯಬೇಕು. ಮೊದಲ ವಾರ ತಪ್ಪುಗಳೇ ಹೆಚ್ಚು, ತಿದ್ದುವ ಆತುರ ಬೇಡ.

ಇದರ ಜೊತೆಗೆ ಕಲ್ಪನಾಸ್ವರವನ್ನೂ (ಹಾಡುವವರು ತಾವೇ ಕಟ್ಟುವ ಸ್ವರ), ಗೀತೆಗಳ ನಂತರ ಕಲಿಸುವ ವರ್ಣಕ್ಕೆ ಕಾಯದೆ ಶುರುಮಾಡುತ್ತೇನೆ. ಆದಿತಾಳದ ಕೊನೆಯ ಎರಡು ದ್ರುತಗಳಲ್ಲಿ (ತಾಳದ ಎರಡೆರಡು ಎಣಿಕೆಯ ಭಾಗ) ನಾಲ್ಕು ಅಕ್ಷರ, ಅಂದರೆ ನಾಲ್ಕು ಎಣಿಕೆ, ಅಕ್ಷರಕ್ಕೆ ಎರಡರಂತೆ ಎಂಟು ಸ್ವರ. ಮೋಹನ ರಾಗದಲ್ಲಿ ‘ಗಪ ದಸ ದಪ ಗರಿ’ ಎಂದು ಬಂದು ಸಮದ (ತಾಳ ಶುರುವಾಗುವ ಎಣಿಕೆ) ಷಡ್ಜಕ್ಕೆ ಇಳಿಯುವುದನ್ನು ತೋರಿಸಿ, ಇಂಥವು ಐದು ಮಾಡಿಕೊಂಡು ಬಾ ಎನ್ನುತ್ತೇನೆ. ಎಣಿಕೆ ತಪ್ಪುವುದು ಹೆಚ್ಚಾಗಿ ಏಳನೆಯ ಸ್ವರದಲ್ಲಿ ಅವಸರಪಡುವುದರಿಂದ. ಬಾಯಲ್ಲಿ ಹೇಳುವ ಮೊದಲು ಕೈಯಲ್ಲಿ ತಾಳ ಓಡಿಸಿದರೆ ಸರಿಹೋಗುತ್ತದೆ.

ಸಂಗೀತದ ಜೂನಿಯರ್ ಪರೀಕ್ಷೆಯನ್ನು ಆ ವರ್ಷ ಮುಂದೂಡಲು ಮನೆಯವರನ್ನು ಒಪ್ಪಿಸಬೇಕು. ಅಪ್ಪ ಅಮ್ಮನಿಗೆ ಒಂದು ವರ್ಷ ದಂಡವಾಯಿತೆಂಬ ಚಿಂತೆ ಇದ್ದೇ ಇರುತ್ತದೆ. ಮೂರು ತಿಂಗಳು ಒಂದೇ ಮನೆಯಲ್ಲಿ ಧ್ವನಿ ನಿಂತರೆ, ಹಳೆಯ ವರ್ಣವನ್ನು ಆ ಶ್ರುತಿಯಲ್ಲಿ ಮೊದಲ ಕಾಲದಿಂದ (ನಿಧಾನ ಗತಿಯಿಂದ) ಮತ್ತೆ ತೆಗೆಯುತ್ತೇನೆ.