ಒಂದೇ ಲೆನ್ಸ್ ಸಾಕಾ? ಪ್ರವಾಸದ ಜೂಮ್ ಆರಿಸಿಕೊಂಡ ನನ್ನ ಅನುಭವ

ಪ್ರವಾಸಕ್ಕೆ ಜೂಮ್ ಲೆನ್ಸ್ ಹುಡುಕುವವರ ಕಣ್ಣು ಮೊದಲು ಹೋಗುವುದು 8ಎಕ್ಸ್, 16ಎಕ್ಸ್ ಎಂಬ ಅಂಕಿಯ ಮೇಲೆ. ಅದು ಬರೀ ಭಾಗಾಕಾರ. 18-300 ಮಿ.ಮೀ. ಲೆನ್ಸ್ (ಮಿ.ಮೀ. ಕಡಿಮೆಯಾದಷ್ಟು ನೋಟ ಅಗಲ, ಹೆಚ್ಚಾದಷ್ಟು ದೂರದ್ದು ಹತ್ತಿರ ಕಾಣುತ್ತದೆ) ಆದರೆ 300ನ್ನು 18ರಿಂದ ಭಾಗಿಸಿ ಬಂದದ್ದು, ಅಷ್ಟೇ. ಫೋಟೋ ಹೇಗೆ ಬರುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಹಾಗಾಗಿ ನಾನು ಆ ಅಂಕಿಯನ್ನು ಬದಿಗಿಟ್ಟು ನನ್ನ ಹಳೇ ಫೋಟೋಗಳನ್ನು ತೆರೆದು ಕೂತೆ.

ನನ್ನದು ನಿಕಾನ್ ಜೆಡ್50 ಕ್ಯಾಮೆರಾ. ಜೊತೆಗೆ ಎರಡು ಕಿಟ್ ಲೆನ್ಸ್ (ಕ್ಯಾಮೆರಾದ ಜೊತೆಗೇ ಮಾರುವಂಥವು): 16-50 ಮತ್ತು 50-250. ಪ್ರತಿ ಫೋಟೋ ಫೈಲಿನಲ್ಲೂ ಯಾವ ಲೆನ್ಸ್, ಎಷ್ಟು ಮಿ.ಮೀ., ಯಾವ ಹೊತ್ತು ಎಂಬುದೆಲ್ಲ ದಾಖಲಾಗಿರುತ್ತದೆ. ಇದೇ ಮೆಟಾಡೇಟಾ. ಫೋಟೋ ಜೋಡಿಸಿ ತಿದ್ದುವ ಸಾಫ್ಟ್‌ವೇರ್ ಆದ ಲೈಟ್‌ರೂಮ್‌ ಕ್ಲಾಸಿಕ್‌ನ ಮೆಟಾಡೇಟಾ ಫಿಲ್ಟರ್‌ನಲ್ಲಿ ಫೋಕಲ್ ಲೆಂತ್ (ಅದೇ ಮಿ.ಮೀ. ಅಂಕಿ) ಆರಿಸಿದರೆ ಯಾವ ಮಿ.ಮೀ.ಗೆ ಎಷ್ಟು ಫೋಟೋ ಎಂದು ಸಾಲಾಗಿ ತೋರಿಸುತ್ತದೆ. ತೆಗೆದ ಎಲ್ಲವನ್ನೂ ಎಣಿಸಬೇಡಿ. ಚೆನ್ನಾಗಿವೆ ಎಂದು ನೀವೇ ಆರಿಸಿ ಇಟ್ಟುಕೊಂಡವನ್ನು ಮಾತ್ರ ನೋಡಿ. ಉಳಿದವು ಸುಮ್ನೆ ಬಟನ್ ಒತ್ತಿದ್ದು, ಅಲ್ವಾ?

200 ಮಿ.ಮೀ. ದಾಟಿದ ಫೋಟೋಗಳು ನನ್ನಲ್ಲಿ ಬಹಳ ಕಡಿಮೆ ಇದ್ದವು. ಇದ್ದವೂ ಹೆಚ್ಚಿನವು ಹಕ್ಕಿಗಳದ್ದು, ಅದರಲ್ಲೂ ಮೆಚ್ಚುವಂಥದ್ದು ಕಡಿಮೆ. ಆದರೆ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಹೊತ್ತಿನ ಪ್ರಕಾರ ಜೋಡಿಸಿ ನೋಡಿದರೆ, ಬೆಳಗ್ಗೆ ಹಾಕಿದ ಲೆನ್ಸ್ ಸಂಜೆವರೆಗೂ ಹಾಗೇ ಇರುತ್ತಿತ್ತು. ಜನ ಸೇರಿದ ಬೀದಿಯಲ್ಲಿ, ಧೂಳಿನಲ್ಲಿ, ಜೊತೆಯವರು ಮುಂದೆ ಹೋಗಿಬಿಟ್ಟಾಗ ಯಾರು ಲೆನ್ಸ್ ಬದಲಿಸುತ್ತಾ ಕೂರುತ್ತಾರೆ? 50-250 ಹಾಕಿದ್ದ ದಿನ ಬೀದಿಯ ಅಗಲ ನೋಟ ಒಂದೂ ಇಲ್ಲ. 16-50 ಹಾಕಿದ್ದ ದಿನ ಎದುರು ಮಹಡಿಯ ಕಿಟಕಿಯಲ್ಲಿ ನಿಂತವರ ಮುಖ ಇಲ್ಲ. ನನಗೆ ಬೇಕಿದ್ದದ್ದು ಇನ್ನೂ ದೂರ ಎಳೆಯುವ ಲೆನ್ಸ್ ಅಲ್ಲ, ಮಧ್ಯದಲ್ಲಿ ತುಂಡಾಗದ ಲೆನ್ಸ್.

ಆಗ ಎರಡು ಲೆನ್ಸ್ ಎದುರಿಗೆ ಬಂದವು. ಒಂದು, ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ, ಅಂದರೆ ಫುಲ್ ಫ್ರೇಮ್‌ಗೆಂದು ಮಾಡಿದ 24-200, ತೂಕ 570 ಗ್ರಾಂ. ಲೆನ್ಸ್ ಒಳ್ಳೆಯದೇ. ಆದರೆ ನನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಒಂದೂವರೆ ಪಟ್ಟು ಲೆಕ್ಕ ಹಾಕಬೇಕು. 24 ಅಲ್ಲಿ 36ರ ಹಾಗೆ ಕಾಣುತ್ತದೆ. ಚಿಕ್ಕ ಕೋಣೆಯೊಳಗೆ, ಕಟ್ಟಡದ ಎದುರು 36 ಅಂದರೆ ಹಿಂದೆ ಹಿಂದೆ ಸರಿಯುತ್ತಾ ಗೋಡೆಗೆ ಬೆನ್ನು ತಾಗಿಸುವುದೇ ಕೆಲಸ. ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು 18-140, ಈ ಸೆನ್ಸರ್‌ಗೇ ಮಾಡಿದ್ದು, 315 ಗ್ರಾಂ. ನನ್ನ ಎರಡು ಕಿಟ್ ಲೆನ್ಸ್ ಸೇರಿ 540 ಗ್ರಾಂ ಆಗುತ್ತವೆ. ಇದರಲ್ಲಿ ಎರಡು ಕಡೆ ಕಳೆದುಕೊಳ್ಳುತ್ತೇನೆ. 16 ಇದ್ದಲ್ಲಿ 18 ಬರುತ್ತದೆ. ಕೇಳಲು ಎರಡೇ ಮಿ.ಮೀ., ಆದರೆ ಅಗಲದ ತುದಿಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವೇ. ಎರಡು ಮೂರು ಫೋಟೋ ಅಕ್ಕಪಕ್ಕ ತೆಗೆದು ಪನೋರಮಾ ಆಗಿ ಜೋಡಿಸಿಕೊಳ್ಳಬಹುದು. ದೂರದ ತುದಿಯಲ್ಲಿ 250ರ ಬದಲು 140. ಇಲ್ಲಿ ಲೆಕ್ಕ ಮಾಡಿದೆ: 140ರಲ್ಲಿ ತೆಗೆದು 250ರ ನೋಟಕ್ಕೆ ಕತ್ತರಿಸಿದರೆ 20.9 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಸುಮಾರು 6.5. ಎ4 ಅಳತೆಗೆ ಪ್ರಿಂಟ್ ಹಾಕಿಸಲು ಅಷ್ಟು ಸಾಕು. ಹಕ್ಕಿ ಹಿಡಿಯುವವರಿಗೆ ಸಾಲದು, ಅವರು 50-250 ಇಟ್ಟುಕೊಳ್ಳುವುದೇ ಸರಿ.

ಬೆಳಕಿನ ವಿಷಯದಲ್ಲಿ ಇಂಥ ಜೂಮ್‌ಗಳನ್ನು ಬೈಯುವವರು ಬಹಳ. ದೂರದ ತುದಿಯಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್/6.3ಕ್ಕೆ ಇಳಿಯುತ್ತದೆ ನಿಜ (ಎಫ್ ಮುಂದಿನ ಅಂಕಿ ದೊಡ್ಡದಾದಷ್ಟು ಕಿಂಡಿ ಕಿರಿದು). ಅಗಲದ ತುದಿಯ ಎಫ್/3.5ಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬೆಳಕು. ಆದರೆ ನನ್ನ ಎರಡೂ ಕಿಟ್ ಲೆನ್ಸ್‌ಗಳೂ ಕೊನೆಗೆ ಮುಟ್ಟುವುದು ಎಫ್/6.3ನ್ನೇ! ಲೆನ್ಸ್‌ನ ಮೇಲೆ ಬರೆದಿರುವುದು ಎರಡು ತುದಿಯ ಅಂಕಿ ಮಾತ್ರ. ಕೊಳ್ಳುವ ಮೊದಲು ಜೂಮ್ ನಿಧಾನವಾಗಿ ತಿರುಗಿಸುತ್ತಾ, ನಿಮ್ಮ ಮೆಚ್ಚಿನ ಮಿ.ಮೀ.ಯಲ್ಲಿ ಅಪರ್ಚರ್ ಎಷ್ಟಕ್ಕೆ ಬಂದಿದೆ ಎಂದು ಪರದೆಯ ಮೇಲೆ ನೋಡಿಕೊಳ್ಳಿ. ಹೆಚ್ಚಿನ ಲೆನ್ಸ್‌ಗಳಲ್ಲಿ ಅದು ನೀವು ಅಂದುಕೊಂಡದ್ದಕ್ಕಿಂತ ಬೇಗ ಇಳಿಯುತ್ತದೆ.

ಕೈ ನಡುಕ ತಡೆಯುವ ವ್ಯವಸ್ಥೆ ಲೆನ್ಸ್‌ನಲ್ಲೇ ಇರುವುದು ನನಗೆ ಮುಖ್ಯವಾಗಿತ್ತು, ಯಾಕೆಂದರೆ ಜೆಡ್50 ಬಾಡಿಯೊಳಗೆ ಅದಿಲ್ಲ. ಆದರೂ ಅದು ನಿಲ್ಲಿಸುವುದು ನಮ್ಮ ಕೈಯನ್ನು, ಎದುರಿಗೆ ಓಡುವ ಮಗುವನ್ನಲ್ಲ. ಮುಸ್ಸಂಜೆಯ ನಂತರ ಓಡಾಡುವವರ ಫೋಟೋ ಬೇಕಾದರೆ ಈ ಜೂಮ್‌ನಿಂದ ಆಗುವುದಿಲ್ಲ. ಅದಕ್ಕೆ 24 ಮಿ.ಮೀ. ಎಫ್/1.7 ಲೆನ್ಸ್ ತೆಗೆದುಕೊಂಡೆ, 135 ಗ್ರಾಂ. ಅದೇ ಮಿ.ಮೀ.ಯಲ್ಲಿ ಜೂಮ್ ಎಫ್/4ರ ಹತ್ತಿರ ಇರುತ್ತದೆ, ಅಂದರೆ ಇದು ಐದು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಎರಡೂ ಸೇರಿ 450 ಗ್ರಾಂ. ಮೊದಲಿನ ಜೋಡಿಗಿಂತ ಹಗುರ. ಬದಲಿಸುವುದೂ ದಿನಕ್ಕೊಮ್ಮೆ, ಕತ್ತಲಾದಾಗ.

ಲೆನ್ಸ್ ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. ನಾನು ಇಟ್ಟಿಗೆ ಗೋಡೆಗೆ ಸರಿಯಾಗಿ ಎದುರು ನಿಂತು 18, 50, 140ರಲ್ಲಿ ತೆಗೆದೆ. ಒಮ್ಮೆ ಅಪರ್ಚರ್ ಪೂರ್ತಿ ತೆರೆದು, ಒಮ್ಮೆ ಎಫ್/8ರಲ್ಲಿ. ನಾಲ್ಕೂ ಮೂಲೆ ಸ್ವಲ್ಪ ಮೆತ್ತಗಿದ್ದರೆ ಚಿಂತೆ ಬೇಡ, ಎಫ್/8ರಲ್ಲಿ ಸುಧಾರಿಸುತ್ತದೆ. ಒಂದೇ ಮೂಲೆ ಮಾತ್ರ ಮಸುಕಾಗಿದ್ದು, ಮತ್ತೆ ತೆಗೆದಾಗಲೂ ಹಾಗೇ ಬಂದರೆ ಒಳಗಿನ ಗಾಜು ಓರೆಯಾಗಿರಬಹುದು. ಅಂಥದ್ದನ್ನು ತಡಮಾಡದೆ ಹಿಂದಿರುಗಿಸಿ ಬೇರೆ ಕೇಳಿ. ಗೋಡೆಯ ಅಂಚು ಬಾಗಿದಂತೆ ಕಂಡರೆ ಗಾಬರಿಯಾಗಬೇಡಿ. ಫೋಟೋ ತಿದ್ದುವಾಗ ಆ ಬಾಗನ್ನು ಸರಿಪಡಿಸುವ ಲೆನ್ಸ್ ಪ್ರೊಫೈಲ್ ಹಾಕಿದರೆ ಹೆಚ್ಚಿನದು ನೆಟ್ಟಗಾಗುತ್ತದೆ. ಆಮೇಲೆ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ನಡೆಯಿರಿ. ಲೆನ್ಸ್ ತನ್ನಷ್ಟಕ್ಕೆ ಕೆಳಗೆ ಜಾರಿ ಉದ್ದವಾಗುತ್ತದಾ ಎಂದು ಅಂಗಡಿಯ ಮೇಜಿನ ಮೇಲೆ ಗೊತ್ತಾಗುವುದಿಲ್ಲ.